ಎಂಟನೆಯವಳ ತೂಕ

ನವೆಂಬರ್ ೨, ಭಾನುವಾರ ಮಧ್ಯಾಹ್ನ

ನನ್ನ ಮಗಳಿಗೆ,

ಮೂರು ಸಲ ನಿನ್ನ ಹಳೆಯ ಅಡ್ಡಹೆಸರಿನಿಂದಲೇ ಕಾಗದ ಶುರುಮಾಡಿದೆ, ಮೂರು ಸಲವೂ ಹರಿದು ಹಾಕಿದೆ. ಆ ಹೆಸರು ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ. ಏಕೆಂದು ಕೊನೆಯಲ್ಲಿ ಹೇಳುತ್ತೇನೆ, ಅಲ್ಲಿಯತನಕ ಓದುವ ತಾಳ್ಮೆ ಇಟ್ಟುಕೋ. ನಾಲ್ಕು ತಿಂಗಳಿಂದ ಒಂದು ಸಾಲು ಬರೆಯದವಳು ಈಗ ಯಾವ ಮುಖ ಇಟ್ಟುಕೊಂಡು ತಾಳ್ಮೆ ಕೇಳುತ್ತಾಳೆ ಎಂದು ನೀನು ಬೈದುಕೊಂಡರೆ, ಬೈದುಕೋ. ನನ್ನದೇ ತಪ್ಪು. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ "ಚೆನ್ನಾಗಿದ್ದೀನಮ್ಮ, ಊಟ ಆಯ್ತು" ಎನ್ನುತ್ತೀ. ಬೆಳಿಗ್ಗೆ ಹನ್ನೊಂದು ಗಂಟೆಗೂ ನಿನ್ನದು ಊಟ ಆಗಿರುತ್ತದೆ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ನಿನ್ನ ಅಪ್ಪನ ಮೊಣಕಾಲು ಮೆಟ್ಟಿಲು ಕಂಡರೆ ನೋಯುತ್ತದೆ, ಇಸ್ಪೀಟು ಆಡಲು ಮೂರನೇ ಮಹಡಿಗೆ ಹೋಗುವಾಗ ಮಾತ್ರ ನೋಯುವುದಿಲ್ಲ. ಅಡುಗೆಮನೆಯ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ನನ್ನ ಕ್ಯಾಬಿನ್ನಿಗೆ ಹೊಸ ಪ್ರಿಂಟರ್ ಬಂದಿದೆ, ಕಿಟಕಿಯ ಗಾಜು ಅದೇ ಹಳೆಯದು. ನಾನು ಅದೇ ಕುರ್ಚಿಯಲ್ಲಿ ಕೂತು, ಲಾರಿ ಬಂದು ತೂಕದ ಕಟ್ಟೆ ಹತ್ತಿದರೆ ಗುಂಡಿ ಒತ್ತುತ್ತೇನೆ. ತುಂಬಿದ ಲಾರಿಯ ಒಟ್ಟು ತೂಕ, ಇಳಿಸಿ ಬಂದಮೇಲೆ ಖಾಲಿ ತೂಕ, ಒಂದರಲ್ಲಿ ಇನ್ನೊಂದು ಕಳೆದರೆ ನಿವ್ವಳ. ಇಪ್ಪತ್ತೆರಡು ವರ್ಷ ಕಳೆದದ್ದು ಕಳೆಯುವುದರಲ್ಲೇ.

ನಾನು ಓಡಲು ಶುರುಮಾಡಿದ್ದೇನೆ ಎಂದು ಹೋದ ವರ್ಷ ಹೇಳಿದಾಗ ನೀನು ಫೋನಿನಲ್ಲಿ "ಮಂಡಿ ಹುಷಾರು" ಎಂದೆ, ಅಷ್ಟೇ. ನಾನೂ ಹೆಚ್ಚು ಹೇಳಲಿಲ್ಲ. ಈಗ ಹೇಳದೆ ವಿಧಿಯಿಲ್ಲ, ಏಕೆಂದರೆ ಮುಂದೆ ಬರೆಯುವುದೆಲ್ಲ ಅಲ್ಲಿಂದಲೇ ಶುರುವಾದದ್ದು.

ನಾವು ಏಳು ಹೆಂಗಸರು. ನಮ್ಮ ಮುಖಂಡಿ ಬಸ್ ಕಂಡಕ್ಟರ್, ದೂರದ ರೂಟಿನವಳು, ಅವಳ ಬಾಯಿಗೆ ಬ್ರೇಕಿಲ್ಲ. ಒಬ್ಬಳು ಟೈಲರ್, ಒಬ್ಬಳು ಗಣಿತದ ಟೀಚರ್, ಉಳಿದ ಮೂವರು ಗೋದಾಮಿನ ಪ್ಯಾಕಿಂಗ್ ವಿಭಾಗದ ಗೆಳತಿಯರು. ನಮ್ಮಲ್ಲಿ ಯಾರೂ ತೆಳ್ಳಗಿಲ್ಲ. ನಮ್ಮ ಗೇಟಿನ ಬೋರ್ಡು ನೆನಪಿದೆಯಲ್ಲ, "ಭಾರಿ ವಾಹನಗಳು ನಿಧಾನವಾಗಿ ಚಲಿಸಿ" ಎಂದು? ಮೊದಲ ದಿನ ಕಂಡಕ್ಟರ್ ಅದರ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ನೋಡ್ರೇ, ನಮಗೋಸ್ಕರ ಸರ್ಕಾರದೋರೇ ಬರ್ಸಿಟ್ಟಿದ್ದಾರೆ" ಎಂದಳು. ಟೈಲರ್ ಅದನ್ನೇ ಏಳು ಬನಿಯನ್ನುಗಳ ಬೆನ್ನ ಮೇಲೆ ಹೊಲಿದುಕೊಟ್ಟಳು. ಭಾನುವಾರ ಬೆಳಿಗ್ಗೆ ಯಾರ್ಡು ಖಾಲಿ ಇರುತ್ತದೆ, ಅಲ್ಲಿಂದ ಹೊರಟು ಗೋದಾಮಿನ ಗೋಡೆಯುದ್ದಕ್ಕೂ ನೀರಿನ ಟ್ಯಾಂಕಿನವರೆಗೆ ಹೋಗಿ ಬರುತ್ತೇವೆ.

ನಮ್ಮದು ಎರಡು ಪದ್ಧತಿ. ಒಂದು, ಯಾರ ತೂಕವನ್ನೂ ಯಾರೂ ಕೇಳುವ ಹಾಗಿಲ್ಲ, ಆದರೆ ತಿಂಗಳ ಮೊದಲ ಭಾನುವಾರ ಏಳೂ ಜನ ಒಟ್ಟಿಗೆ ನನ್ನ ಕಟ್ಟೆ ಹತ್ತುತ್ತೇವೆ. ಕಂಬದ ಮೇಲಿನ ಕೆಂಪು ಅಂಕಿ ಐನೂರ ಇಪ್ಪತ್ತು ಎನ್ನುತ್ತದೆ. ನಾವು ಚಪ್ಪಾಳೆ ಹೊಡೆಯುತ್ತೇವೆ. ಐದು ಕ್ವಿಂಟಾಲಿಗೂ ಮೇಲೆ, ಅದರಲ್ಲಿ ಯಾರದ್ದೆಷ್ಟು ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಲಾರಿ ತೂಗುವ ಯಂತ್ರವಲ್ಲವೇ, ಹತ್ತು ಹತ್ತು ಕಿಲೋ ಲೆಕ್ಕದಲ್ಲೇ ಏರುತ್ತದೆ, ಇಪ್ಪತ್ತರ ಒಳಗಿನದು ಅದರ ಕಣ್ಣಿಗೇ ಬೀಳುವುದಿಲ್ಲ. ನಗುತ್ತಾ ಇಳಿಯುತ್ತೇವೆ. ನಿನಗೆ ಹೇಗೆ ಹೇಳಲಿ, ನನ್ನ ಜೀವಮಾನದಲ್ಲಿ ತೂಕದ ಯಂತ್ರದ ಮೇಲೆ ನಿಂತು ನಕ್ಕದ್ದು ಅದೇ ಮೊದಲು.

ಎರಡನೆಯದು, ಯಾರನ್ನೂ ಹಿಂದೆ ಬಿಟ್ಟು ಹೋಗುವ ಹಾಗಿಲ್ಲ. ಜೋರಾಗಿ ಓಡುವವಳು ಮುಂದೆ ಹೋದಮೇಲೆ ತಿರುಗಿ ಬಂದು, ಎಲ್ಲರಿಗಿಂತ ಹಿಂದಿರುವವಳನ್ನು ಒಂದು ಸುತ್ತು ಹಾಕಿಕೊಂಡು ಮತ್ತೆ ಮುಂದೆ ಹೋಗಬೇಕು. ಎಲ್ಲರಿಗಿಂತ ಹಿಂದಿರುವವಳು ಯಾವಾಗಲೂ ನಾನೇ. ನನಗೆ ಬಾಲ ಎಂದು ಹೆಸರಿಟ್ಟಿದ್ದಾರೆ. ಕಂಡಕ್ಟರ್ ಒಂದು ಓಟದಲ್ಲಿ ನನ್ನನ್ನು ಐದಾರು ಸಲ ಸುತ್ತುತ್ತಾಳೆ, ಸುತ್ತುವಾಗಲೆಲ್ಲ "ಬಾಲ ಅಳ್ಳಾಡ್ತಾ ಇದೆ" ಎಂದು ಕೂಗುತ್ತಾಳೆ.

ಆಗಸ್ಟಿನ ಮೊದಲ ಭಾನುವಾರ ಅಂಕಿ ಐನೂರ ಎಪ್ಪತ್ತು ಎಂದಿತು.

"ಯಾರ್ರೀ ಅದು, ಅಕ್ಕಿ ಮೂಟೆ ಬಚ್ಚಿಟ್ಕೊಂಡ್ ಬಂದಿರೋರು?" ಎಂದಳು ಕಂಡಕ್ಟರ್. ಟೀಚರ್ ಬೆರಳು ಮಡಿಸಿ, "ಒಂದೇ ತಿಂಗಳಲ್ಲಿ ಒಬ್ಬೊಬ್ರೂ ಏಳೇಳು ಕೆಜಿ ಏರಿರ್ಬೇಕು. ಆಗಲ್ಲ ಬಿಡಿ" ಎಂದಳು. ಯಂತ್ರ ಕೆಟ್ಟಿದೆ ಎಂದು ನಗುತ್ತಾ ಇಳಿದರು. ನಾನು ಮಾತ್ರ ಅಂಕಿ ನೋಡುತ್ತಲೇ ಇದ್ದೆ, ಅದು ನನ್ನ ಕಸುಬು. ಒಬ್ಬೊಬ್ಬರು ಇಳಿದ ಹಾಗೆ ಎಪ್ಪತ್ತು, ಎಂಬತ್ತು ಕಡಿಮೆಯಾಗುತ್ತಾ ಬಂತು. ಕೊನೆಗೆ ನಾನೂ ಇಳಿದೆ. ಕಟ್ಟೆ ಖಾಲಿ. ಅಂಕಿ ಐವತ್ತರಲ್ಲಿ ನಿಂತಿತ್ತು.

ಆಮೇಲೆ ಕಟ್ಟೆಯ ಮೂರನೆಯ ತಗಡು ಠಣ್ ಎಂದಿತು. ಅದರ ಬೋಲ್ಟು ಸಡಿಲ, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಶಾಲೆ ಬಿಟ್ಟು ಬಂದವಳು ಬೇಕೆಂದೇ ಅದರ ಮೇಲೆ ಹಾರಿ ನನ್ನಿಂದ ಬೈಸಿಕೊಳ್ಳುತ್ತಿದ್ದೆ. ಮೇಲೆ ಭಾರ ಬೀಳದೆ ಅದು ಸದ್ದು ಮಾಡುವುದಿಲ್ಲ. ಠಣ್ ಎಂದ ಮರುಕ್ಷಣ ಅಂಕಿ ಸೊನ್ನೆಗೆ ಬಂತು. ಯಾರೋ ಇಳಿದು ಹೋದರು.

ಮರುದಿನವೇ ಮೆಕ್ಯಾನಿಕ್ಕನ್ನು ಕರೆಸಿದೆ. ಇಪ್ಪತ್ತು ಕಿಲೋದ ಕಬ್ಬಿಣದ ತೂಕಗಳನ್ನು ನಾಲ್ಕೂ ಮೂಲೆಗೆ ಇಟ್ಟು ತೆಗೆದು ನೋಡಿದ. "ಯಂತ್ರ ಚೊಕ್ಕಟವಾಗಿದೆ ಮೇಡಂ. ಅದು ತನ್ನ ಮೇಲೆ ಇದ್ದಿದ್ದನ್ನ ಹೇಳುತ್ತೆ, ಇಲ್ದಿದ್ದನ್ನ ಹೇಳಲ್ಲ" ಎಂದ. ನಿನ್ನ ಅಪ್ಪನಿಗೆ ಹೇಳಿದರೆ, "ನಿಂಗೆ ಕನ್ನಡಕ ಬದಲಾಯಿಸ್ಬೇಕು" ಎಂದು ಪೇಪರಿನೊಳಗೆ ತಲೆ ಹುದುಗಿಸಿದರು.

ಸೆಪ್ಟೆಂಬರಿನಲ್ಲೂ ಅದೇ ಐನೂರ ಎಪ್ಪತ್ತು. ಅವತ್ತು ಮಂಜು ಇತ್ತು. ಕಂಡಕ್ಟರ್ ತಿರುಗಿ ಬಂದವಳು ನನ್ನನ್ನು ಸುತ್ತಲಿಲ್ಲ. ನನ್ನ ಪಕ್ಕದಿಂದ ನೇರ ಹಿಂದಕ್ಕೆ ಹೋಗಿ, ಹದಿನೈದು ಹೆಜ್ಜೆ ಆಚೆ ಮಂಜಿನಲ್ಲಿ ತಿರುಗಿ ವಾಪಸು ಬಂದಳು.

"ಅಷ್ಟು ದೂರ ಯಾಕೆ ಹೋದೆ? ಬಾಲ ಇಲ್ಲೇ ಇದೆಯಲ್ಲ" ಎಂದೆ.

"ನಿಮ್ಮ ಹಿಂದೆ ಒಬ್ಳು ಬರ್ತಿದ್ದಾಳಲ್ಲಕ್ಕ, ಅವಳನ್ನ ಸುತ್ತಿ ಬಂದೆ. ಯಾರದು ಹೊಸೋಳು? ಮಾತಾಡಿಸಿದ್ರೂ ಮಾತಾಡಲ್ಲ, ಬಿಂಕದೋಳು."

ತಿರುಗಿ ನೋಡಿದೆ. ರಸ್ತೆ, ಗೋಡೆ, ಗೋಡೆಗೆ ಒರಗಿಸಿಟ್ಟ ಮರದ ಹಲಗೆಗಳು, ಅಷ್ಟೇ. "ಹೇಗಿದ್ದಾಳೆ?" ಎಂದು ಕೇಳಿದೆ.

"ಸಣ್ಣಗಿದ್ದಾಳೆ. ಬೂದು ಬಣ್ಣದ ಜರ್ಸಿ. ಮುಖ ಸರಿಯಾಗಿ ಕಾಣ್ಲಿಲ್ಲ. ಜರ್ಸಿ ತೋಳನ್ನ ಅಂಗೈ ಮುಚ್ಚೋ ಹಾಗೆ ಎಳ್ಕೊಂಡಿದ್ಲು."

ಹದಿಮೂರರಿಂದ ನೀನು ತೋಳನ್ನು ಹಾಗೇ ಎಳೆದುಕೊಳ್ಳುತ್ತೀಯಲ್ಲ. ಅಂಗಿಯ ಅಂಚೆಲ್ಲ ಹಾಳಾಗುತ್ತದೆ ಎಂದು ಎಷ್ಟು ಬೈದಿದ್ದೇನೆ. ಅಂದು ಅಲ್ಲೇ ನಿಂತುಕೊಂಡೆ. ನಿಂತಮೇಲೂ ಹಿಂದೆ ಎರಡು ಹೆಜ್ಜೆ ಬಿದ್ದು ಆಮೇಲೆ ನಿಂತವು. ಒಂದು ಮೆತ್ತಗೆ, ಒಂದು ಜೋರು. ಎಂಟನೇ ವಯಸ್ಸಿನಲ್ಲಿ ಕಟ್ಟೆಯಿಂದ ಬಿದ್ದು ಕಾಲು ಮುರಿದುಕೊಂಡಂದಿನಿಂದ ನಿನ್ನ ಎಡಗಾಲು ನೆಲಕ್ಕೆ ಜೋರಾಗಿ ಬೀಳುತ್ತದೆ. ಮೂರು ತಿಂಗಳು ಪ್ಲಾಸ್ಟರು ಹಾಕಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮಲಗಿದವಳಿಗೆ ಆ ಸದ್ದು ತಪ್ಪೀತೇ?

ಭಯವಾಯಿತು. ಸುಳ್ಳು ಏಕೆ ಹೇಳಲಿ, ಮೊದಲು ಭಯವೇ ಆಯಿತು. ಅವತ್ತು ಮನೆಗೆ ಬಂದು ನಾಲ್ಕು ಸಲ ನಿನಗೆ ಫೋನು ಮಾಡಿದೆ. ಸಂಜೆ ನಿನ್ನದೊಂದು ಸಂದೇಶ ಬಂತು, "ಚೆನ್ನಾಗಿದ್ದೀನಿ." ಬದುಕಿದ್ದೀಯ ಎಂದು ಗೊತ್ತಾಗಿ ಅಡುಗೆಮನೆಯ ನೆಲದ ಮೇಲೆ ಕುಸಿದು ಅತ್ತೆ. ಆಮೇಲೆ ಯೋಚನೆ ಬಂತು, ನೀನು ಅಲ್ಲಿ ಚೆನ್ನಾಗಿದ್ದರೆ ನನ್ನ ಹಿಂದೆ ಓಡುತ್ತಿರುವವಳು ಯಾರು?

ಅಂದಿನಿಂದ ಭಾನುವಾರ ತಪ್ಪಿಸಲಿಲ್ಲ. ಮಳೆ ಬಂದರೂ ಹೋದೆ. ನಾನು ನಿಧಾನ ಮಾಡಿದರೆ ಹೆಜ್ಜೆಗಳೂ ನಿಧಾನ. ಯಾವತ್ತೂ ಪಕ್ಕಕ್ಕೆ ಬರಲಿಲ್ಲ. ವಿಚಿತ್ರ ಏನು ಗೊತ್ತೇ, ನನ್ನ ಗೆಳತಿಯರು ಅವಳಿಗೆ ಒಗ್ಗಿಹೋದರು. ಪ್ಯಾಕಿಂಗಿನವರು ಬೆಳಿಗ್ಗೆ "ಹಿಂದಿನೋಳು ಬಂದ್ಲಾ?" ಎಂದು ಕೇಳುತ್ತಾರೆ. ಎಲ್ಲರಿಗೂ ಕಾಣುತ್ತಾಳೆ, ನನಗೊಬ್ಬಳಿಗೆ ಕಾಣುವುದಿಲ್ಲ. ಇದಕ್ಕಿಂತ ಕಠಿಣ ಶಿಕ್ಷೆ ತಾಯಿಗೆ ಇನ್ನೊಂದಿರಲಾರದು. ನನಗೆ ಇದು ಬರಬೇಕಾದದ್ದೇ, ಇರಲಿ.

ಅಕ್ಟೋಬರಿನಲ್ಲಿ ಅಂಕಿ ಐನೂರ ಅರವತ್ತಕ್ಕೆ ಇಳಿಯಿತು. ಎಲ್ಲರೂ ಇಳಿದಮೇಲೆ ನಲವತ್ತು. ಅವತ್ತು ಓಡುವಾಗ ಹೆಜ್ಜೆಯ ಸದ್ದು ಕೇಳಲು ಉಸಿರು ಬಿಗಿಹಿಡಿಯಬೇಕಾಯಿತು. ಓಟ ಮುಗಿದಮೇಲೆ ಟೈಲರ್ ನನ್ನನ್ನು ಪಕ್ಕಕ್ಕೆ ಕರೆದಳು. ಅವಳಿಗೆ ಅಳತೆ ಪಟ್ಟಿ ಬೇಡ, ಕಣ್ಣೇ ಅಳೆಯುತ್ತದೆ.

"ಅಕ್ಕ, ಆ ಹುಡುಗಿ ಜರ್ಸಿ ಎರಡೂ ಕಡೆ ಮೂರು ಮೂರು ಇಂಚು ಹಿಡೀಬೇಕು, ಅಷ್ಟು ದೊಗಳೆ ಆಗಿದೆ. ಹೋದ ತಿಂಗಳು ಹಿಂಗಿರ್ಲಿಲ್ಲ. ನಿಮಗೇನಾದ್ರೂ ಗುರುತಿದ್ರೆ ಹೇಳಿ, ಏನಾದ್ರೂ ತಿನ್ಕೊಂಡು ಬರಕ್ಕೆ."

"ಗುರುತಿದೆ" ಎಂದೆ.

ಹೋದ ಗುರುವಾರ ಹಾಸ್ಟೆಲಿನಲ್ಲಿ ನಿನ್ನ ರೂಮಿನಲ್ಲೇ ಇರುವ ನರ್ಸ್ ಹುಡುಗಿ ಫೋನು ಮಾಡಿದಳು. ಅವಳ ಮೇಲೆ ಸಿಟ್ಟಾಗಬೇಡ, ನಿನ್ನ ಫೋನಿನಿಂದ ನಂಬರು ಕದ್ದದ್ದಕ್ಕೆ ಮೊದಲು ಕ್ಷಮೆ ಕೇಳಿಯೇ ಮಾತು ಶುರುಮಾಡಿದಳು. ನೀನು ಮೆಟ್ಟಿಲ ಮೇಲೆ ಎರಡು ಸಲ ಬಿದ್ದೆಯಂತೆ. ಕೆಲಸಕ್ಕೆ, ನಿನ್ನ ನಕ್ಷೆ ಆಫೀಸಿಗೆ, ಹದಿನೈದು ದಿನದಿಂದ ಹೋಗಿಲ್ಲವಂತೆ. ಆದರೂ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಓಡಲು ಹೋಗುತ್ತೀಯಂತೆ. ನೀನು ಓಡುತ್ತೀ ಎನ್ನುವುದೇ ನನಗೆ ಗೊತ್ತಿರಲಿಲ್ಲ.

"ಬಾಗಿಲಿಗೆ ಅಡ್ಡ ನಿಂತರೂ ಕೇಳಲ್ಲ ಆಂಟಿ. ನಿದ್ದೆಯಲ್ಲೂ ಗೊಣಗ್ತಾಳೆ, 'ಅಮ್ಮ ತುಂಬಾ ಮುಂದಿದ್ದಾಳೆ, ಸಿಗ್ತಿಲ್ಲ' ಅಂತ. ಆಸ್ಪತ್ರೆಗೆ ಬಾ ಅಂದ್ರೆ ಬರಲ್ಲ. ಹೋದ್ವಾರ ಹಠ ಹಿಡಿದು ತೂಕ ನೋಡ್ದೆ. ಎಷ್ಟು ಅಂತ ಹೇಳಲ್ಲ ಆಂಟಿ, ನಿಮಗೆ ಭಯ ಆಗುತ್ತೆ."

"ಹೇಳ್ಬೇಡಮ್ಮ, ನಂಗೊತ್ತು" ಎಂದೆ. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಅದನ್ನು ಕಾಗದದ ಕೊನೆಗೆ ಇಟ್ಟಿದ್ದೇನೆ, ಈಗಲೇ ಬರೆದರೆ ನನ್ನ ಕೈ ಇಲ್ಲಿಗೇ ನಿಲ್ಲುತ್ತದೆ.

ಇವತ್ತಿನದು ಕೇಳು. ಇವತ್ತು ಮೊದಲ ಭಾನುವಾರ. ಏಳೂ ಜನ ಹತ್ತಿದೆವು. ಅಂಕಿ ಒಂದೆಡೆ ನಿಲ್ಲಲಿಲ್ಲ, ಐನೂರ ಅರವತ್ತು, ಐನೂರ ಐವತ್ತು, ಮತ್ತೆ ಅರವತ್ತು. ಎರಡು ಹತ್ತರ ನಡುವಿನ ಗೆರೆಯ ಮೇಲೆ ಭಾರ ನಿಂತಾಗ ಯಂತ್ರ ಹೀಗೆ ತಡಬಡಿಸುತ್ತದೆ. ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಒಬ್ಬೊಬ್ಬರಾಗಿ ಇಳಿಸಿ ಕೊನೆಗೆ ನಾನೂ ಇಳಿದೆ. ಖಾಲಿ ಕಟ್ಟೆಯ ಮೇಲೆ ನಲವತ್ತು, ಮೂವತ್ತು, ನಲವತ್ತು, ಮೂವತ್ತು. ನನ್ನ ಯಂತ್ರಕ್ಕೆ ಇಪ್ಪತ್ತರ ಕೆಳಗೆ ಕಣ್ಣಿಲ್ಲ ಎಂದೆನಲ್ಲ, ಆ ಮಾತು ಆಗ ನೆನಪಿಗೆ ಬಂತು. ಇನ್ನೆರಡು ಮೂರು ತಿಂಗಳು ಹೀಗೇ ಹೋದರೆ ನೀನು ಅದರ ಮೇಲೆ ನಿಂತಿದ್ದರೂ ಅದು ಸೊನ್ನೆ ಎನ್ನುತ್ತದೆ.

ಟೀಚರ್‌ಗೆ ಕ್ಯಾಬಿನ್ನಿಗೆ ಹೋಗಿ ಗುಂಡಿ ಒತ್ತಲು ಹೇಳಿ, ನಾನು ಒಬ್ಬಳೇ ಮತ್ತೆ ಹತ್ತಿದೆ. ಒಬ್ಬಳೇ, ಎಲ್ಲರ ಮುಂದೆ. ಇಪ್ಪತ್ತೆರಡು ವರ್ಷದಲ್ಲಿ ಆ ಕಟ್ಟೆಯ ಮೇಲೆ ನಾನು ಒಬ್ಬಳೇ ನಿಂತವಳಲ್ಲ. ಯಾರಿಲ್ಲದ ಹೊತ್ತಿನಲ್ಲೂ ನಿಂತವಳಲ್ಲ, ಸುತ್ತಿ ಬಳಸಿ ಕ್ಯಾಬಿನ್ನಿಗೆ ಹೋಗುತ್ತಿದ್ದೆ. ನನ್ನದು ತೊಂಬತ್ತು, ನನಗೆ ಗೊತ್ತು. ಅಂಕಿ ನೂರ ಮೂವತ್ತು, ನೂರ ಇಪ್ಪತ್ತು ಎಂದು ಹೊಯ್ದಾಡಿತು.

"ಇಳೀಬೇಡ, ನಿಂತ್ಕೋ" ಎಂದೆ. ಗಟ್ಟಿಯಾಗಿಯೇ ಹೇಳಿದೆ. ಕಂಡಕ್ಟರ್ ಬಾಯಿ ಮುಚ್ಚಿದ್ದನ್ನು ಇವತ್ತೇ ನೋಡಿದ್ದು. "ಅಮ್ಮ ಮುಂದೆ ಹೋಗಲ್ಲ, ಇಲ್ಲೇ ಇದ್ದೀನಿ, ನಿಂತ್ಕೋ ಚಿನ್ನ."

ಮೂರನೆಯ ತಗಡು ನನ್ನ ಪಕ್ಕದಲ್ಲಿ ಸಣ್ಣಗೆ ನರಳಿತು, ಯಾರೋ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ ಹಾಗೆ. ನನ್ನ ಮಣಿಕಟ್ಟಿಗೆ ಬಟ್ಟೆಯ ಅಂಚೊಂದು ಸೋಕಿತು. ತೊಳೆದು ತೊಳೆದು ಒರಟಾದ ಅಂಚು. ನಾನು ಪಕ್ಕಕ್ಕೆ ನೋಡಲಿಲ್ಲ, ನೋಡಿದರೆ ಇರುವುದಿಲ್ಲ ಎಂದು ಗೊತ್ತಿತ್ತು. ಅಂಕಿ ನೂರ ಮೂವತ್ತರಲ್ಲಿ ಗಟ್ಟಿಯಾಗಿ ನಿಂತಿತು. ಟೀಚರ್ ಗುಂಡಿ ಒತ್ತಿದಳು.

ಆ ಚೀಟಿ ಈ ಕಾಗದದ ಜೊತೆಗಿದೆ. ಅದರಲ್ಲಿ ನಾವಿಬ್ಬರೂ ಇದ್ದೇವೆ. ಅದರಲ್ಲಿ ತೊಂಬತ್ತು ಕಳೆದು ನಿನ್ನದೆಷ್ಟು ಎಂದು ನೋಡಲು ಹೋಗಬೇಡ. ನಾನೂ ಇನ್ನು ಕಳೆಯುವುದಿಲ್ಲ.

ಈ ಕಾಗದವನ್ನು ಕಂಡಕ್ಟರ್ ನಾಳೆಯ ಬಸ್ಸಿನಲ್ಲಿ ತಂದು ನಿನ್ನ ಕೈಗೇ ಕೊಡುತ್ತಾಳೆ. ಅದೇ ಬಸ್ಸಿನಲ್ಲಿ ನಾನೂ ಬರುತ್ತಿದ್ದೇನೆ. ನೀನು ಬರಬೇಡ ಎಂದಿದ್ದೀ, ಅದಕ್ಕೇ ಮೆಟ್ಟಿಲು ಹತ್ತುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ನಿನ್ನ ಹಾಸ್ಟೆಲ್ ಗೇಟಿನ ಎದುರು ಕಲ್ಲಿನ ಬೆಂಚು ಇದೆಯಂತೆ, ಅದರ ಮೇಲೆ ಕೂತಿರುತ್ತೇನೆ. ಬ್ರೆಡ್ಡು, ಬೇಯಿಸಿದ ಮೊಟ್ಟೆ ಡಬ್ಬಿಯಲ್ಲಿರುತ್ತದೆ. ತಿನ್ನು ಎಂದು ಒತ್ತಾಯ ಮಾಡುವುದಿಲ್ಲ, ನನ್ನ ಪಾಡಿಗೆ ನಾನು ತಿನ್ನುತ್ತಿರುತ್ತೇನೆ. ನೀನು ಬಂದು ಕೂತರೆ ಇಬ್ಬರೂ ನರ್ಸ್ ಹುಡುಗಿಯ ಆಸ್ಪತ್ರೆಗೆ ಹೋಗೋಣ, ಅವಳು ಡಾಕ್ಟರ ಹತ್ತಿರ ಮಾತಾಡಿ ಇಟ್ಟಿದ್ದಾಳೆ. ಬಾರದೆ ನನ್ನನ್ನು ದಾಟಿ ಓಡಿಹೋದರೆ ನಾನೂ ಎದ್ದು ಹಿಂದೆ ಬರುತ್ತೇನೆ. ಮುಂದಿರುವವಳು ತಿರುಗಿ ಬಂದು ಹಿಂದಿರುವವಳನ್ನು ಸುತ್ತಬೇಕು, ಅದು ನಮ್ಮ ಪದ್ಧತಿ. ಇಷ್ಟು ವರ್ಷ ನಾನು ತಿರುಗಲಿಲ್ಲ, ಈಗ ತಿರುಗಿದ್ದೇನೆ. ನಾನು ಓಡುವುದು ತುಂಬಾ ನಿಧಾನ, ನೀನು ಸ್ವಲ್ಪ ನಿಲ್ಲಬೇಕಾಗುತ್ತದೆ.

ಅಪ್ಪ ಬಸ್ಸಿನ ಚೀಲಕ್ಕೆ ತಮ್ಮ ಉಣ್ಣೆಯ ಸ್ವೆಟರು ತುರುಕಿದ್ದಾರೆ, "ಅವಳಿಗೆ ಚಳಿ ಆಗ್ತಿರುತ್ತೆ" ಎಂದು. ಅವರಿಗೆ ಯಾರು ಹೇಳಿದರೋ. ನಿನ್ನ ಮೈಯಲ್ಲಿ ಕಸುವು ಬರಲಿ, ನಿನ್ನ ಎಡಗಾಲು ಇನ್ನೂ ನೂರು ವರ್ಷ ನೆಲಕ್ಕೆ ಜೋರಾಗಿ ಬೀಳುತ್ತಿರಲಿ, ಅದರ ಸದ್ದು ನನಗೆ ಕೇಳುತ್ತಿರಲಿ.

ಇಂತಿ ನಿನ್ನ,
ಅಮ್ಮ

ತಾ. ಕ.: ನರ್ಸ್ ಹುಡುಗಿ ಹೇಳಿದ ಇನ್ನೊಂದು ಮಾತು. ನಿನ್ನ ಕಪಾಟಿನ ಬಾಗಿಲ ಒಳಮೈಗೆ ಒಂದು ಹಳೆಯ ಲಾರಿ ತೂಕದ ಚೀಟಿ ಅಂಟಿಸಿದ್ದೀಯಂತೆ, ಅಕ್ಷರ ಮಾಸಿದೆಯಂತೆ. ಒಟ್ಟು ತೂಕ ಅರವತ್ತು. ಪಕ್ಕದಲ್ಲಿ ಪೆನ್ನಿನಲ್ಲಿ "ಫುಲ್ ಲೋಡ್" ಎಂದು ಬರೆದಿದೆಯಂತೆ. ಅದು ನನ್ನ ಕೈಬರಹ. ನಿನಗೆ ಹದಿಮೂರು. ಕಟ್ಟೆಯ ಮೇಲೆ ನಿನ್ನನ್ನು ನಿಲ್ಲಿಸಿ, ಚೀಟಿ ತೆಗೆದು, ಕ್ಯಾಬಿನ್ನಿನ ಗಾಜಿಗೆ ಅಂಟಿಸಿದವಳು ನಾನು, ಡ್ರೈವರುಗಳಿಗಿಂತ ಮೊದಲು ನಕ್ಕವಳೂ ನಾನು. ಅಂದಿನಿಂದ ಎಲ್ಲರೂ ನಿನ್ನನ್ನು ಅದೇ ಹೆಸರಿನಿಂದ ಕರೆದರು, ಮುದ್ದಿಗೆ ಎಂದುಕೊಂಡು ನಾನೂ ಕರೆದೆ. ಆ ಅರವತ್ತು ನಿನ್ನದಲ್ಲ ಮಗಳೇ. ಲಾರಿಯ ಯಂತ್ರ ಹತ್ತಿರದ ಹತ್ತಕ್ಕೆ ಹಾರುತ್ತದೆ, ಮಗುವನ್ನು ಅದರ ಮೇಲೆ ತೂಗಬಾರದು ಎಂದು ಆ ಊರಲ್ಲೆಲ್ಲ ಚೆನ್ನಾಗಿ ಗೊತ್ತಿದ್ದವಳು ನಾನೊಬ್ಬಳೇ. ಇನ್ನೊಂದು ನಿನಗೆ ಗೊತ್ತಿಲ್ಲ, ನೀನಾಗ ಇನ್ನೂ ಗೇಟಿನ ಹತ್ತಿರ ಬರುತ್ತಿದ್ದೆ. ಅವತ್ತು ಆ ಡ್ರೈವರುಗಳು, "ಮೇಡಂ ಎಷ್ಟು ಟನ್ ಇದ್ದಾರೆ ನೋಡೋಣ, ಕಟ್ಟೆ ಮೇಲೆ ಬನ್ನಿ" ಎಂದು ಕರೆದದ್ದು ನನ್ನನ್ನು. ನನಗೆ ನಾಚಿಕೆಯಾಯಿತು. ನಿನ್ನನ್ನು ಕರೆದು ನಿಲ್ಲಿಸಿದೆ.